ಸಿಂಗಾಪುರ ಕ್ರೂಸ್‌ಗೆ ಹೊರಟಿದ್ದೀರಾ? ಸೂಟ್‌ಕೇಸ್ ಆಮೇಲೆ, ಮೊದ್ಲು ಪಾಸ್‌ಪೋರ್ಟ್ ತೆಗೀರಿ

ಅಪ್ಪ ಅಮ್ಮನ್ನ ಕರ್ಕೊಂಡು ಸಿಂಗಾಪುರದಿಂದ ಮೂರು ರಾತ್ರಿ ಕ್ರೂಸ್ ಹೋಗಿ ಬಂದಾಗಿಂದ ವಾರಕ್ಕೆ ಒಬ್ರಾದ್ರೂ ಫೋನ್ ಮಾಡ್ತಾರೆ, ಹೆಂಗಿತ್ತು, ಎಷ್ಟಾಯ್ತು, ಊಟ ಸಿಗುತ್ತಾ, ಅಮ್ಮಂಗೆ ವಾಂತಿ ಆಗ್ಲಿಲ್ವಾ ಅಂತ. ಒಬ್ಬೊಬ್ರಿಗೂ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಒಂದೇ ಸಲ ಎಲ್ಲಾ ಬರೆದು ಹಾಕ್ತಿದ್ದೀನಿ, ಇನ್ಮೇಲೆ ಕೇಳಿದವ್ರಿಗೆ ಇದನ್ನೇ ಕಳಿಸ್ತೀನಿ. ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದಲ್ನೇದು, ಮತ್ತೆ ಮುಖ್ಯವಾದ್ದು. ನಮ್ಮ ಜನ ಕ್ರೂಸ್ ಅಂದ್ರೆ ನೀರಿನ ಮೇಲಿರೋ ರೆಸಾರ್ಟ್ ಅನ್ಕೊಂಡಿರ್ತಾರೆ, ಚಿಕ್ಕಮಗಳೂರಿಗೆ ಹೋದಂಗೆ ರೂಮ್ ಬುಕ್ ಮಾಡಿದ್ರೆ ಮುಗೀತು ಅಂತ. ಹಂಗಲ್ಲ. ಹಡಗು ಸಿಂಗಾಪುರ ಬಿಟ್ಟ ತಕ್ಷಣ ಇಮಿಗ್ರೇಷನ್ ಲೆಕ್ಕದಲ್ಲಿ ನೀವು ಆ ದೇಶ ಬಿಟ್ಟು ಹೋದ್ರಿ, ಪೆನಾಂಗ್‌ನಲ್ಲಿ ಇಳಿದ್ರೆ ಅದು ಮಲೇಷ್ಯಾ ಪ್ರವಾಸ, ಫುಕೆಟ್‌ನಲ್ಲಿ ಇಳಿದ್ರೆ ಥಾಯ್ಲೆಂಡ್ ಪ್ರವಾಸ, ಮತ್ತೆ ಸಿಂಗಾಪುರಕ್ಕೆ ವಾಪಸ್ ಬಂದ್ರೆ ಹೊಸದಾಗಿ ಸಿಂಗಾಪುರಕ್ಕೆ ಬಂದಂಗೆ. ಮೂರು ರಾತ್ರಿಯ ಟೂರಲ್ಲಿ ಮೂರ್ನಾಲ್ಕು ಸಲ ಗಡಿ ದಾಟ್ತೀರ. ಹಡಗಲ್ಲಿ ಸ್ವಿಮ್ಮಿಂಗ್ ಪೂಲ್ ಎಷ್ಟಿದೆ ಅಂತ ಆಮೇಲೆ ನೋಡಿದ್ರಾಯ್ತು, ಕಾಗದ ಪತ್ರ ಸರಿ ಇಲ್ಲ ಅಂದ್ರೆ ಹಡಗನ್ನ ದಡದಲ್ಲಿ ನಿಂತು ನೋಡಿ ಟಾಟಾ ಮಾಡ್ಬೇಕಾಗುತ್ತೆ, ದುಡ್ಡೂ ವಾಪಸ್ ಬರಲ್ಲ.

ಹಂಗಾಗಿ ಪಾಸ್‌ಪೋರ್ಟ್‌ನಿಂದ ಶುರು ಮಾಡೋಣ. ಕನಿಷ್ಠ 6 ತಿಂಗಳು ವ್ಯಾಲಿಡಿಟಿ ಇರ್ಬೇಕು, ಹೊರಡೋ ದಿನದಿಂದ ಅಲ್ಲ, ಟೂರ್ ಮುಗಿಯೋ ದಿನದಿಂದ ಲೆಕ್ಕ ಹಾಕಿ, ಸೇಫ್ ಆಗಿರುತ್ತೆ. ಎರಡು ಮೂರು ಪುಟ ಖಾಲಿ ಇರ್ಲಿ. ಮನೆಯಲ್ಲಿ ಮಕ್ಕಳಿದ್ರೆ ಅವರದ್ದು ಮೊದ್ಲು ನೋಡಿ, ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತೆ, ದೊಡ್ಡವರದ್ದು 10 ಅಂತ ಎಲ್ರದ್ದೂ ಅದೇ ಲೆಕ್ಕದಲ್ಲಿ ಮರೆತುಬಿಟ್ಟಿರ್ತೀವಿ.

ಆಮೇಲೆ ನಮ್ಮ ಕಡೆಯವ್ರ ಸ್ಪೆಷಲ್ ತಲೆನೋವು, ಇನಿಷಿಯಲ್. ಅಪ್ಪನ ಆಧಾರ್‌ನಲ್ಲಿ ಇನಿಷಿಯಲ್ ಇರುತ್ತೆ, ಪ್ಯಾನ್‌ನಲ್ಲಿ ಅದನ್ನ ಬಿಡಿಸಿ ತಾತನ ಹೆಸರು ಪೂರ್ತಿ ಬರೆದಿರ್ತಾರೆ, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಪೂರ್ತಿ ಹೆಸರು ಗಿವನ್ ನೇಮ್‌ನಲ್ಲಿ. ಫ್ಲೈಟ್, ವೀಸಾ, ಕ್ರೂಸ್ ಮೂರಕ್ಕೂ ಪಾಸ್‌ಪೋರ್ಟ್‌ನಲ್ಲಿ ಹೆಂಗಿದೆಯೋ ಹಂಗೇ ಹಾಕಿ, ಒಂದು ಅಕ್ಷರ ಆಚೀಚೆ ಬೇಡ. ಸರ್‌ನೇಮ್ ಖಾಲಿ ಇದ್ರೆ ಏನು ತುಂಬ್ಬೇಕು ಅಂತ ಏರ್‌ಲೈನ್‌ಗೂ ಕ್ರೂಸ್‌ನವ್ರಿಗೂ ಬೇರೆ ಬೇರೆ ಕೇಳಿ, ಎರಡೂ ಕಡೆ ಪದ್ಧತಿ ಬೇರೆ ಇರುತ್ತೆ. ದುಬೈ ಕಡೆಯಿಂದ ಕ್ರೂಸ್ ಹಿಡಿಯೋ ಪ್ಲಾನ್ ಇರೋವ್ರಂತೂ ಇದನ್ನ ಸೀರಿಯಸ್ ಆಗಿ ತಗೊಳ್ಳಿ, 2022ರ ನವೆಂಬರ್‌ನಿಂದ ಪಾಸ್‌ಪೋರ್ಟ್‌ನಲ್ಲಿ ಬರೀ ಒಂದೇ ಹೆಸರಿರೋ ಟೂರಿಸ್ಟ್‌ಗಳನ್ನ ಯುಎಇ ಒಳಗೆ ಬಿಡ್ತಿಲ್ಲ. ಅಂಥವ್ರು ಮೊದ್ಲು ಪಾಸ್‌ಪೋರ್ಟ್ ಸರಿ ಮಾಡಿಸ್ಕೊಂಡು ಆಮೇಲೆ ಟಿಕೆಟ್ ಮಾಡಿ.

ಈಗ ಸಿಂಗಾಪುರ ವೀಸಾ. ನಮಗೆ ವೀಸಾ ಬೇಕೇ ಬೇಕು. ಅಲ್ಲಿನ ಸರ್ಕಾರದ ವೀಸಾ ಫೀ 30 ಸಿಂಗಾಪುರ ಡಾಲರ್, ಸಿಗ್ಲಿ ಬಿಡ್ಲಿ ವಾಪಸ್ ಇಲ್ಲ. ನಾವೇ ಹೋಗಿ ಅರ್ಜಿ ಹಾಕೋ ಹಂಗಿಲ್ಲ, ಅಧಿಕೃತ ವೀಸಾ ಏಜೆಂಟ್ ಮೂಲಕ ಹೋಗ್ಬೇಕು, ಅವ್ರು ತಮ್ಮ ಸರ್ವಿಸ್ ಚಾರ್ಜ್ ಸೇರಿಸ್ತಾರೆ, ಒಬ್ಬೊಬ್ರದ್ದು ಒಂದೊಂದು ರೇಟು, ನಾಲ್ಕು ಕಡೆ ಕೇಳಿ. ಫಾರ್ಮ್ 14ಎ, 35 ಇಂಟು 45 ಮಿಲಿಮೀಟರ್ ಫೋಟೋ, ಹಿಂದೆ ಬಿಳಿ ಬ್ಯಾಕ್‌ಗ್ರೌಂಡ್. ಆಧಾರ್‌ಗೆ ತೆಗ್ಸಿದ್ದ ಫೋಟೋನೇ ಕೊಡ್ತೀನಿ ಅಂತ ನಮ್ಮಪ್ಪನೂ ಹೇಳಿದ್ರು, ನಡೆಯಲ್ಲ, ಸ್ಟುಡಿಯೋಗೆ ಹೋಗಿ ವೀಸಾ ಸೈಜ್ ಅಂತ ಹೇಳಿ ಹೊಸದು ತೆಗೆಸಿ. ಹೋಗೋ ದಿನಕ್ಕೆ 30 ದಿನ ಇರೋವಾಗ ಅರ್ಜಿ ಹಾಕಿದ್ರೆ ಸರಿ, ಅದಕ್ಕೂ ತುಂಬಾ ಮುಂಚೆ ಹಾಕೋಕಾಗಲ್ಲ, ಹೊರಡೋ ಹಿಂದಿನ ವಾರದ ತನಕ ಕಾಯೋದೂ ಬೇಡ.

ವೀಸಾ ಕೈಗೆ ಬಂದ ಮೇಲೆ ಅದರಲ್ಲಿ ಮಲ್ಟಿಪಲ್ ಅಂತ ಇದೆಯಾ ಸಿಂಗಲ್ ಅಂತ ಇದೆಯಾ ಅನ್ನೋದನ್ನ ಕಣ್ಣು ಬಿಟ್ಟು ನೋಡಿ. ಯಾಕಂದ್ರೆ ನೀವು ಚಾಂಗಿ ಏರ್‌ಪೋರ್ಟ್‌ನಲ್ಲಿ ಒಂದು ಸಲ, ಹಡಗಿಂದ ಇಳಿದಾಗ ಇನ್ನೊಂದು ಸಲ ಒಳಗೆ ಬರ್ತೀರ. ಸಾಮಾನ್ಯವಾಗಿ ಮಲ್ಟಿಪಲ್ಲೇ ಕೊಡ್ತಾರೆ, ಆದ್ರೂ ಏಜೆಂಟ್‌ಗೆ ಮೊದಲೇ 'ಕ್ರೂಸ್ ಇದೆ, ವಾಪಸ್ ಬರ್ತೀವಿ' ಅಂತ ಬಾಯಿ ಬಿಟ್ಟು ಹೇಳಿ, ಕ್ರೂಸ್ ಬುಕಿಂಗ್ ಕಾಪಿನೂ ಕೊಡಿ. ಮಜಾ ಏನಂದ್ರೆ ಹಡಗು ಯಾವ ದೇಶಕ್ಕೂ ಹೋಗ್ದೆ ಸಮುದ್ರದಲ್ಲೇ ಸುತ್ತಾಡಿ ವಾಪಸ್ ಬಂದ್ರೂ ಇದೇ ಕಥೆ. 2026ರ ಮಾರ್ಚ್‌ನಲ್ಲಿ ಶುರುವಾಗಿರೋ ಡಿಸ್ನಿ ಅಡ್ವೆಂಚರ್ ಹಡಗು ಹಂಗೇ, ಮೂರು ನಾಲ್ಕು ರಾತ್ರಿ ಸಮುದ್ರದಲ್ಲೇ ಇರುತ್ತೆ, ಎಲ್ಲೂ ನಿಲ್ಲಲ್ಲ. ಮಕ್ಕಳಿಗೆ ಹಬ್ಬ. ಆದ್ರೆ 'ಎಲ್ಲೂ ಹೋಗಲ್ವಲ್ಲ' ಅಂತ ಸಿಂಗಲ್ ಎಂಟ್ರಿಯಲ್ಲಿ ಹತ್ತೋಕೆ ಹೋಗ್ಬೇಡಿ.

ವೀಸಾ ಅಲ್ಲದೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಆನ್‌ಲೈನ್ ಫಾರ್ಮ್ ಇದೆ. ತಲುಪೋ ದಿನಾನೂ ಸೇರಿಸಿ 3 ದಿನದೊಳಗೆ ತುಂಬ್ಬೇಕು, ಪೂರ್ತಿ ಫ್ರೀ. ಗೂಗಲ್‌ನಲ್ಲಿ ಹುಡುಕಿದ್ರೆ ಮೇಲ್ಗಡೆ ಜಾಹೀರಾತಲ್ಲಿ ಸರ್ಕಾರದ್ದೇ ಥರ ಕಾಣೋ ಸೈಟ್‌ಗಳು ಬರ್ತವೆ, ಎಲ್ಲಾ ತುಂಬಿಸ್ಕೊಂಡು ಕೊನೇಲಿ ಸಾವಿರಾರು ರೂಪಾಯಿ ಕೇಳ್ತವೆ, ನನ್ನ ಸ್ನೇಹಿತನೊಬ್ಬ ನಾಲ್ಕು ಜನಕ್ಕೆ ಕಟ್ಟಿ ಕೂತಿದ್ದ. ದುಡ್ಡು ಕೇಳಿದ್ರೆ ಅದು ಅಸಲಿ ಸೈಟ್ ಅಲ್ಲ, ಅಷ್ಟೇ ಲೆಕ್ಕ. ಸಿಂಗಾಪುರದ ಇಮಿಗ್ರೇಷನ್ ಇಲಾಖೆ ಐಸಿಎ ಅಂತ, ಅವರ ಸೈಟ್ ಅಥವಾ ಮೈಐಸಿಎ ಆ್ಯಪ್‌ನಲ್ಲೇ ಮಾಡಿ. ಮತ್ತೆ ಜ್ಞಾಪಕ ಇರ್ಲಿ, ಇದನ್ನ ಎರಡು ಸಲ ತುಂಬ್ಬೇಕು, ವಿಮಾನದಲ್ಲಿ ಬರೋಕೆ ಒಂದು, ಹಡಗಿಂದ ವಾಪಸ್ ಇಳಿಯೋಕೆ ಇನ್ನೊಂದು. ಎರಡನೇದನ್ನ ಹಡಗು ಹತ್ತೋ ಮುಂಚೆ ಲಾಡ್ಜಲ್ಲಿ ಕೂತು ತುಂಬಿಬಿಡಿ, ಹಡಗಲ್ಲಿ ನೆಟ್ ದುಬಾರಿ, ಕೊನೆ ದಿನ ಒದ್ದಾಡೋದು ಯಾಕೆ. ಮೂರು ದಿನದ ಲೆಕ್ಕದೊಳಗೆ ಬರ್ಲಿಲ್ಲ ಅಂದ್ರೆ ಮಾತ್ರ ಮಧ್ಯದ ಬಂದರಲ್ಲಿ ಸಿಗ್ನಲ್ ಸಿಕ್ಕಾಗ ತುಂಬಿ.

ಮಲೇಷ್ಯಾಗೆ ನಮ್ಮವ್ರಿಗೆ 2023ರ ಡಿಸೆಂಬರ್‌ನಿಂದ 30 ದಿನದ ತನಕ ವೀಸಾ ಬೇಡ, ಅದನ್ನ 2026ರ ಡಿಸೆಂಬರ್ 31ರ ತನಕ ಮುಂದುವರ್ಸಿದ್ದಾರೆ. ಅಲ್ಲೂ ಒಂದು ಡಿಜಿಟಲ್ ಅರೈವಲ್ ಕಾರ್ಡ್ ಇದೆ, ಎಂಡ್ಯಾಕ್ ಅಂತಾರೆ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ನಮಗೆ ವೀಸಾ ತೆಗೆದುಹಾಕ್ತು, 2025ರ ಮೇ 1ರಿಂದ ಅವರದ್ದೂ ಡಿಜಿಟಲ್ ಕಾರ್ಡ್ ಬಂತು, ಟಿಡ್ಯಾಕ್. ಇವೆರಡೂ ಫ್ರೀನೇ. ಕ್ರೂಸ್ ಪ್ಯಾಸೆಂಜರ್‌ಗಳು ತಾವೇ ತುಂಬ್ಬೇಕಾ, ಕಂಪನಿನೇ ನೋಡ್ಕೊಳ್ಳುತ್ತಾ ಅನ್ನೋದು ಹಡಗಿಂದ ಹಡಗಿಗೆ ಬೇರೆ ಇರುತ್ತೆ, ಬುಕಿಂಗ್ ಜೊತೆ ಬರೋ ಮೇಲ್‌ನಲ್ಲಿ ಬರೆದಿರ್ತಾರೆ, ಆ ಮೇಲ್ ಓದಿ ದಯವಿಟ್ಟು. ಈ ವೀಸಾ ನಿಯಮಗಳು ಹವಾಮಾನ ಇದ್ದಂಗೆ, ನಾನು ಇವತ್ತು ಬರೆದಿದ್ದು ನೀವು ಹೋಗೋ ಹೊತ್ತಿಗೆ ಬದಲಾಗಿರ್ಬಹುದು, ಬುಕ್ ಮಾಡೋ ವಾರ ಒಂದು ಸಲ, ಹೊರಡೋ ವಾರ ಇನ್ನೊಂದು ಸಲ ಆಯಾ ದೇಶದ ಸರ್ಕಾರಿ ಸೈಟ್ ನೋಡಿ.

ಕಾಗದದ ಗೋಳು ಮುಗೀತು, ದುಡ್ಡಿಗೆ ಬರೋಣ.

ಜಾಹೀರಾತಲ್ಲಿ ತೋರ್ಸೋ ರೇಟ್ ಬರೀ ಆಸೆ ತೋರ್ಸೋ ರೇಟು. ಅದು ಕಿಟಕಿನೇ ಇಲ್ಲದ ಇನ್‌ಸೈಡ್ ಕ್ಯಾಬಿನ್‌ದು, ಇಬ್ಬರು ಹಂಚ್ಕೊಂಡ್ರೆ ತಲೆಗೆ ಇಷ್ಟು ಅಂತ. ಒಬ್ರೇ ಹೋದ್ರೆ ಇಬ್ಬರ ದುಡ್ಡು ಹತ್ತತ್ರ ಕೊಡ್ಬೇಕಾಗುತ್ತೆ. ಅದರ ಮೇಲೆ ಪೋರ್ಟ್ ಚಾರ್ಜು, ಟ್ಯಾಕ್ಸು. ಅದಾದ್ಮೇಲೆ ಗ್ರಾಚ್ಯುಟಿ, ಅಂದ್ರೆ ಕಡ್ಡಾಯದ ಥರದ ಟಿಪ್ಸು, ಇದು ಎಲ್ರಿಗೂ ಶಾಕ್ ಕೊಡೋ ಐಟಂ. ದೊಡ್ಡ ಅಮೆರಿಕನ್ ಕಂಪನಿಗಳ ಹಡಗಲ್ಲಿ ತಲೆಗೆ ದಿನಕ್ಕೆ 16ರಿಂದ 20 ಅಮೆರಿಕನ್ ಡಾಲರ್ ಆಸುಪಾಸು. 18 ಅಂತ ಹಿಡಿದ್ರೂ ನಾಲ್ಕು ಜನ ಮೂರು ರಾತ್ರಿಗೆ 216 ಡಾಲರ್ ಆಗೋಯ್ತು, ಮಗುಗೂ ಇದೆ, ಬಿಡಲ್ಲ. ಬುಕ್ ಮಾಡೋವಾಗ್ಲೇ ಕಟ್ಟಬಹುದು, ಇಲ್ಲಾಂದ್ರೆ ಹಡಗಿನ ಬಿಲ್‌ಗೆ ಸೇರ್ಕೊಳ್ಳುತ್ತೆ. ನಮ್ಮ ಏಜೆಂಟ್ ಇದರ ಬಗ್ಗೆ ಒಂದು ಮಾತೂ ಹೇಳಿರ್ಲಿಲ್ಲ, ಕೊನೆ ದಿನ ಬಿಲ್ ನೋಡಿ ಅಪ್ಪ 'ನಾನು ಯಾವಾಗ ಯಾರಿಗೆ ಟಿಪ್ಸ್ ಕೊಟ್ಟೆ' ಅಂತ ಕೌಂಟರ್‌ನಲ್ಲಿ ಕೇಳ್ತಾ ನಿಂತಿದ್ರು. ಹಂಗಾಗಿ ಏಜೆಂಟ್‌ಗೆ ಒಂದೇ ಪ್ರಶ್ನೆ ಕೇಳಿ: ಪೋರ್ಟ್ ಚಾರ್ಜು, ಟಿಪ್ಸು, ಟ್ಯಾಕ್ಸು ಎಲ್ಲಾ ಸೇರಿ ನಾನು ಹಡಗಿಂದ ಇಳಿಯೋ ತನಕ ಎಷ್ಟಾಗುತ್ತೆ, ಬರೆದು ಕೊಡಿ ಅಂತ. ಬರೆದು ಕೊಡಲ್ಲ ಅಂದ್ರೆ ಬೇರೆ ಏಜೆಂಟ್ ಹತ್ರ ಹೋಗಿ.

ಟಿಸಿಎಸ್ ಬಗ್ಗೆನೂ ಕೇಳ್ತಾರೆ. ವಿದೇಶಿ ಟೂರ್ ಪ್ಯಾಕೇಜ್ ತಗೊಂಡ್ರೆ ಟೂರ್ ಕಂಪನಿ ಸರ್ಕಾರದ ಪರವಾಗಿ ಹಿಡಿಯೋ ದುಡ್ಡದು. ಮುಂಚೆ 10 ಲಕ್ಷದ ತನಕ 5%, ಅದರ ಮೇಲೆ 20% ಇತ್ತು, 2026ರ ಬಜೆಟ್‌ನಲ್ಲಿ ಎಲ್ಲಾ ಸೇರಿಸಿ 2%ಗೆ ಇಳಿಸಿದ್ರು. ಇದು ಕಳ್ಕೊಂಡ ದುಡ್ಡಲ್ಲ, ನಿಮ್ಮ ಪ್ಯಾನ್ ಮೇಲೆ ಜಮಾ ಆಗಿರುತ್ತೆ, ಐಟಿ ರಿಟರ್ನ್ ಹಾಕೋವಾಗ ಲೆಕ್ಕಕ್ಕೆ ತಗೋಬಹುದು. ಅದಕ್ಕೇ ಅಪ್ಪ ಅಮ್ಮನ ಟೂರ್‌ಗೆ ಯಾರ ಪ್ಯಾನ್ ಕೊಡ್ತೀರ ಅಂತ ಯೋಚ್ನೆ ಮಾಡಿ ಕೊಡಿ.

ಕ್ಯಾಬಿನ್ ವಿಷ್ಯ ಜಾಸ್ತಿ ಕೊರೆಯಲ್ಲ. ಮೂರು ರಾತ್ರಿಗೆ ಹೋಗೋ ಹರೆಯದ ಹುಡುಗರು ಇನ್‌ಸೈಡ್ ತಗೊಳ್ಳಿ, ರೂಮಲ್ಲಿ ಯಾರಿರ್ತಾರೆ. ವಯಸ್ಸಾದವ್ರಿದ್ರೆ ಬಾಲ್ಕನಿಗೆ ಖರ್ಚು ಮಾಡಿ, ನಮ್ಮಮ್ಮ ಬೆಳಗ್ಗೆ ಐದೂವರೆಗೆ ಎದ್ದು ಬಾಲ್ಕನಿಯಲ್ಲಿ ಕೂತು ವಿಷ್ಣು ಸಹಸ್ರನಾಮ ಹೇಳ್ಕೊಂಡ್ರು, ಇಡೀ ಟೂರಲ್ಲಿ ಅವ್ರಿಗೆ ಅದೇ ಇಷ್ಟ ಆಗಿದ್ದು. ಅಲುಗಾಟ ಕಮ್ಮಿ ಬೇಕಂದ್ರೆ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್ಕು.

ವಿಮಾನ. ಹಡಗು ಹೊರಡೋ ದಿನಾನೇ ಬೆಳಗ್ಗೆ ಸಿಂಗಾಪುರಕ್ಕೆ ಇಳಿಯೋ ಥರ ಟಿಕೆಟ್ ಮಾಡ್ಬೇಡಿ, ಕೈ ಮುಗಿದು ಕೇಳ್ಕೋತೀನಿ. ಬೆಂಗಳೂರಿಂದ ನಾಲ್ಕೂವರೆ ಗಂಟೆ ಅಷ್ಟೇ ನಿಜ, ಆದ್ರೆ ಚಳಿಗಾಲದಲ್ಲಿ ದೇವನಹಳ್ಳಿ ಕಡೆ ಬೆಳಗಿನ ಜಾವ ಮಂಜು ಬಿದ್ರೆ ಫ್ಲೈಟ್ ಎಷ್ಟು ಹೊತ್ತಿಗೆ ಏಳುತ್ತೋ ದೇವ್ರಿಗೇ ಗೊತ್ತು, ಮೇಲಿಂದ ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ವಿಮಾನ ಲೇಟಾಯ್ತು ಅಂತ ಹಡಗು ಕಾಯಲ್ಲ. ಒಂದು ದಿನ ಮುಂಚೆ ಹೋಗಿ ಲಿಟಲ್ ಇಂಡಿಯಾದಲ್ಲಿ ಉಳ್ಕೊಳ್ಳಿ. 1947ರಿಂದ ಇರೋ ಕೋಮಲ ವಿಲಾಸ್ ಅಲ್ಲೇ ಇದೆ, ಸೆರಂಗೂನ್ ರಸ್ತೆಯಲ್ಲಿ ಪೆರುಮಾಳ್ ದೇವಸ್ಥಾನದ ಹತ್ರ ನಮ್ಮ ಎಂಟಿಆರ್‌ನೇ ಇದೆ, ರವೆ ಇಡ್ಲಿ ತಿಂದು ಹಡಗು ಹತ್ತಬಹುದು.

ಬೆಂಗಳೂರಲ್ಲಿ ಇಂಟರ್‌ನ್ಯಾಷನಲ್ ಫ್ಲೈಟ್ ಎಲ್ಲಾ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2, ಕ್ಯಾಬ್‌ನವ್ರಿಗೆ ಸರಿಯಾಗಿ ಹೇಳಿ. ಆಗಾಗ ಹೊರಗೆ ಹೋಗೋವ್ರಿಗೆ ಒಂದು ಒಳ್ಳೆ ವಿಷ್ಯ, ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಅಂತ ಕೇಂದ್ರ ಸರ್ಕಾರದ ಸ್ಕೀಮು 2025ರ ಜನವರಿಯಿಂದ ನಮ್ಮ ಏರ್‌ಪೋರ್ಟಲ್ಲೂ ಇದೆ, ಆನ್‌ಲೈನ್ ಅರ್ಜಿ ಹಾಕಿ ಒಂದು ಸಲ ಬೆರಳಚ್ಚು ಫೋಟೋ ಕೊಟ್ರೆ 5 ವರ್ಷ ಅಥವಾ ಪಾಸ್‌ಪೋರ್ಟ್ ಇರೋ ತನಕ ಇ-ಗೇಟ್‌ನಲ್ಲಿ ಹೋಗಬಹುದು, ಕ್ಯೂ ಇಲ್ಲ, ಫೀಸೂ ಇಲ್ಲ. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಂಗಿಲ್ಲ, ಕೈಚೀಲದಲ್ಲೇ. ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ 2025ರ ಏಪ್ರಿಲ್‌ನಿಂದ ಅದ್ರಲ್ಲಿ ಮೊಬೈಲ್ ಚಾರ್ಜ್ ಮಾಡೋದೂ ನಿಲ್ಲಿಸಿದ್ದಾರೆ.

ಇನ್ನು ಬ್ಯಾಗ್ ತುಂಬೋ ವಿಷ್ಯ, ಇದನ್ನ ಅಮ್ಮಂದಿರಿಗೆ ಓದಿ ಹೇಳಿ. ಗಸಗಸೆ ಬೇಡವೇ ಬೇಡ! ಪಾಯಸಕ್ಕೆ ಅಂತ ಸಿಂಗಾಪುರದಲ್ಲಿರೋ ಸೊಸೆಗೆ ಕಾಲು ಕೆಜಿ ಕಟ್ಕೊಂಡು ಹೋಗೋ ಅಭ್ಯಾಸ ಇದ್ರೆ ಬಿಟ್ಬಿಡಿ, ಸಿಂಗಾಪುರದಲ್ಲಿ ಗಸಗಸೆ ನಿಷೇಧ, ಅಫೀಮು ಗಿಡದ ಬೀಜ ಅಂತ ಅಲ್ಲಿನ ನಾರ್ಕೋಟಿಕ್ಸ್‌ನವ್ರ ವ್ಯಾಪ್ತಿಗೆ ಬರುತ್ತೆ. ಯುಎಇಯಲ್ಲೂ ಹಂಗೇ. ಮಸಾಲೆ ಪುಡಿಗೆ ಹುರಿದು ಹಾಕಿದ್ರೂ ರಿಸ್ಕ್ ಯಾಕೆ, ಗಸಗಸೆ ಇಲ್ದೇ ಇರೋ ಪುಡಿನೇ ತಗೊಂಡ್ಹೋಗಿ. ಒಣ ಕೊಬ್ಬರಿ ಗಿಟುಕು ವಿಮಾನಕ್ಕೆ ಬಿಡಲ್ಲ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತೋ ವಸ್ತು ಅಂತ ಲೆಕ್ಕ. ಉಪ್ಪಿನಕಾಯಿ, ತುಪ್ಪ ಚೆಕ್-ಇನ್‌ನಲ್ಲಿ ಹಾಕಿ, ಮೂರು ಕವರ್ ಸುತ್ತಿ ಹಾಕಿ. ಚೂಯಿಂಗ್ ಗಮ್ 1992ರಿಂದ ಸಿಂಗಾಪುರಕ್ಕೆ ತರೋ ಹಂಗಿಲ್ಲ. ಸಿಗರೇಟಿಗೆ ಅಲ್ಲಿ ಡ್ಯೂಟಿ ಫ್ರೀ ವಿನಾಯ್ತಿನೇ ಇಲ್ಲ, ಒಂದು ಪ್ಯಾಕ್ ಇದ್ರೂ ರೆಡ್ ಚಾನೆಲ್‌ಗೆ ಹೋಗಿ ಹೇಳಿ ಟ್ಯಾಕ್ಸ್ ಕಟ್ಟಬೇಕು, ವೇಪ್, ಅಂದ್ರೆ ಇ-ಸಿಗರೇಟ್ ಅಂತೂ 2018ರಿಂದ ಜೇಬಲ್ಲಿ ಇಟ್ಕೊಳ್ಳೋದೇ ಅಪರಾಧ.

ಹಡಗಿನವ್ರದ್ದು ಬೇರೆ ಪಟ್ಟಿ ಇದೆ. ಬಿಸಿ ಆಗೋ ಯಾವ ಸಾಮಾನೂ ಬಿಡಲ್ಲ, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ರೈಸ್ ಕುಕ್ಕರ್. ನಗ್ಬೇಡಿ, ನಮ್ಮ ಮುಂದೆ ಕ್ಯೂನಲ್ಲಿದ್ದ ಒಂದು ಕುಟುಂಬದ ಬ್ಯಾಗಲ್ಲಿ ಪುಟ್ಟ ಕುಕ್ಕರ್ ಸಿಕ್ತು, ಸ್ಕ್ಯಾನರ್ ಹತ್ರ ತೆಗೆದಿಟ್ಕೊಂಡು ಚೀಟಿ ಕೊಟ್ರು. ಎಕ್ಸ್‌ಟೆನ್ಷನ್ ಬೋರ್ಡೂ ಬಹಳ ಹಡಗಲ್ಲಿ ಇಲ್ಲ. ಹಡಗಿಗೆ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಇನ್‌ಸ್ಟಂಟ್ ಉಪ್ಪಿಟ್ಟು ಪ್ಯಾಕೆಟ್ ತಗೊಂಡ್ಹೋಗಿ, ಬಫೆಯಲ್ಲಿ ಬಿಸಿನೀರು ದಿನಾ ಪೂರ್ತಿ ಸಿಗುತ್ತೆ.

ಔಷಧಿನ ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಟ್ಕೊಳ್ಳಿ. ಡಬ್ಬಿಗೆ ಬಿಡಿಸಿ ಹಾಕಿ ಸೋಮವಾರ ಮಂಗಳವಾರ ಅಂತ ಜೋಡಿಸಿದ್ರೆ ಅದು ಯಾವ ಮಾತ್ರೆ ಅಂತ ಯಾರಿಗೂ ತೋರ್ಸೋಕಾಗಲ್ಲ. ನಿದ್ದೆ ಮಾತ್ರೆ, ಕೊಡೀನ್ ಇರೋ ಕೆಮ್ಮಿನ ಸಿರಪ್ ಥರದ್ದು ಇದ್ರೆ ಸಿಂಗಾಪುರದ ಹೆಲ್ತ್ ಸೈನ್ಸಸ್ ಅಥಾರಿಟಿ ಅನುಮತಿ ಬೇಕಾಗಬಹುದು, ಅವರ ಸೈಟಲ್ಲಿ ನೋಡ್ಕೊಳ್ಳಿ. ಇನ್ಶೂರೆನ್ಸ್ ತಗೊಳ್ಳೋವಾಗ ಕ್ರೂಸ್ ಕವರ್ ಆಗುತ್ತಾ, ಹಡಗಿಂದ ಆಸ್ಪತ್ರೆಗೆ ಸಾಗಿಸೋ ಖರ್ಚು ಇದೆಯಾ, ಅಪ್ಪನ ಬಿಪಿ ಶುಗರ್ ಬರೆಸಿದ್ದೀವಾ, ಈ ಮೂರು ನೋಡಿ. ಹಡಗಲ್ಲಿ ಡಾಕ್ಟರ್ ಇರ್ತಾರೆ, ಆದ್ರೆ ಬಿಲ್ ಡಾಲರ್ ಲೆಕ್ಕದಲ್ಲಿ ಬರುತ್ತೆ.

ಹತ್ತೋ ದಿನ. ಸಿಂಗಾಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿದೆ, ಜನ ತಪ್ಪಾದ ಕಡೆ ಹೋಗೋದು ಮಾಮೂಲು. ಒಂದು ಹಾರ್ಬರ್‌ಫ್ರಂಟ್‌ನಲ್ಲಿ ವಿವೋಸಿಟಿ ಮಾಲ್ ಪಕ್ಕ, ಇನ್ನೊಂದು 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್, ಅದಕ್ಕೆ ಮೆಟ್ರೋ ಸ್ಟೇಷನ್ ಮರೀನಾ ಸೌತ್ ಪಿಯರ್. ಮರೀನಾ ಬೇ ಅನ್ನೋ ಹೆಸರಲ್ಲೇ ಬೇರೆ ಮೆಟ್ರೋ ಸ್ಟೇಷನ್ನೂ ಇದೆ, ಅಲ್ಲಿಳಿದು ಸೂಟ್‌ಕೇಸ್ ಎಳ್ಕೊಂಡು ಹುಡುಕ್ಬೇಡಿ. ಟಿಕೆಟ್ ನೋಡಿ, ವಯಸ್ಸಾದವ್ರಿದ್ರೆ ಟ್ಯಾಕ್ಸಿನೇ ಮಾಡಿ.

ದೊಡ್ಡ ಬ್ಯಾಗ್‌ಗಳನ್ನ ಟರ್ಮಿನಲ್‌ನಲ್ಲೇ ತಗೊಂಡುಬಿಡ್ತಾರೆ, ಅವು ಕ್ಯಾಬಿನ್‌ಗೆ ಬರೋ ಹೊತ್ತಿಗೆ ಸಂಜೆ ಆಗಿರುತ್ತೆ. ಪಾಸ್‌ಪೋರ್ಟ್, ಮಾತ್ರೆ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಯಲ್ಲೇ ಇರ್ಲಿ. ಪಾಸ್‌ಪೋರ್ಟ್ ಹಾಕಿ ಸೂಟ್‌ಕೇಸ್ ಕೊಟ್ಟವ್ರನ್ನ ಕಣ್ಣಾರೆ ನೋಡಿದ್ದೀನಿ. ಕೆಲವು ಹಡಗಲ್ಲಿ ಪಾಸ್‌ಪೋರ್ಟ್ ಅವ್ರೇ ಇಟ್ಕೊಂಡು ಕೊನೆಗೆ ಕೊಡ್ತಾರೆ, ಗಾಬರಿ ಬೇಡ, ಒಂದು ಜೆರಾಕ್ಸ್ ನಿಮ್ಮ ಹತ್ರ ಇರ್ಲಿ.

ಹತ್ತಿದ ತಕ್ಷಣ ಮಸ್ಟರ್ ಡ್ರಿಲ್ ಮಾಡಿಸ್ತಾರೆ, ಅಪಾಯ ಆದ್ರೆ ಎಲ್ಲಿ ಸೇರ್ಬೇಕು ಅನ್ನೋದು. ಇದನ್ನ ಶಾಲೆ ಪ್ರೇಯರ್ ಥರ ತಪ್ಪಿಸ್ಕೋಬೇಡಿ. 2012ರ ಜನವರಿಯಲ್ಲಿ ಇಟಲಿ ಹತ್ರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಹೋದ್ರು, ಅವತ್ತೇ ಹತ್ತಿದ್ದ ನೂರಾರು ಜನಕ್ಕೆ ಇನ್ನೂ ಡ್ರಿಲ್ ಆಗಿರ್ಲಿಲ್ಲ. ಆಮೇಲೇ ಹಡಗು ಹೊರಡೋ ಮುಂಚೆ ಅಥವಾ ಹೊರಟ ತಕ್ಷಣ ಡ್ರಿಲ್ ಆಗ್ಲೇಬೇಕು ಅಂತ ನಿಯಮ ಬಂದಿದ್ದು. ಏಳು ಚಿಕ್ಕ ಹಾರ್ನ್, ಕೊನೇಲಿ ಒಂದು ಉದ್ದದ್ದು, ಅದು ಕೇಳಿದ್ರೆ ನಿಮ್ಮ ಜಾಗಕ್ಕೆ ನಡೀರಿ, ಲಿಫ್ಟ್ ಬೇಡ.

ವಾಂತಿ ವಿಷ್ಯ, ಎಲ್ರೂ ಕೇಳೋದು. ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ ಇನ್ನೊಂದು ಕಡೆ ಮಲೇಷ್ಯಾ ಅಡ್ಡ ಇರೋದ್ರಿಂದ ನೀರು ಸಾಮಾನ್ಯವಾಗಿ ಶಾಂತ, ಪೆನಾಂಗ್ ಕಡೆ ಹೋಗೋವ್ರಿಗೆ ಜಾಸ್ತಿ ತೊಂದ್ರೆ ಇರಲ್ಲ. ವಿಯೆಟ್ನಾಂ ಕಡೆ ದಕ್ಷಿಣ ಚೀನಾ ಸಮುದ್ರಕ್ಕೆ ಹೋಗೋ ರೂಟ್ ಆದ್ರೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಈಶಾನ್ಯ ಮಾನ್ಸೂನ್ ಗಾಳಿ, ಅಲೆ ಜೋರಿರುತ್ತೆ. ಅವೋಮಿನ್, ಸ್ಟುಜೆರಾನ್ ನಮ್ಮಲ್ಲೇ ಮೆಡಿಕಲ್‌ನಲ್ಲಿ ಸಿಗೋ ಮಾತ್ರೆಗಳು, ವಯಸ್ಸಾದವ್ರಿಗೆ ಡಾಕ್ಟರ್ ಕೇಳದೆ ಕೊಡ್ಬೇಡಿ, ತುಂಬಾ ಮಂಪರು ಬರುತ್ತೆ. ಅಮ್ಮ ಬಾಯಲ್ಲಿ ಒಣಶುಂಠಿ ಇಟ್ಕೊಂಡು ದೂರದ ಗೆರೆ ನೋಡ್ತಾ ಕೂತಿದ್ರು, ಸಾಕಾಯ್ತು.

ಫೋನು. ಹಡಗು ದಡ ಬಿಟ್ಟ ಕೂಡ್ಲೇ ಏರ್‌ಪ್ಲೇನ್ ಮೋಡ್ ಹಾಕಿ. ಸಮುದ್ರದ ಮಧ್ಯೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡ್ಕೊಳ್ಳುತ್ತೆ, ನೀವು ತಗೊಂಡಿರೋ ಸಿಂಗಾಪುರ ರೋಮಿಂಗ್ ಪ್ಯಾಕ್ ಅದಕ್ಕೆ ಲೆಕ್ಕಕ್ಕಿಲ್ಲ, ಒಂದು ಗುಡ್ ಮಾರ್ನಿಂಗ್ ವಿಡಿಯೋ ಡೌನ್‌ಲೋಡ್ ಆದ್ರೂ ಬಿಲ್ ನೋಡೋಕಾಗಲ್ಲ. ಬೇಕಂದ್ರೆ ಹಡಗಿನ ವೈಫೈ ಪ್ಯಾಕೇಜ್ ಒಬ್ರಿಗೆ ತಗೊಳ್ಳಿ. ಅಪ್ಪ ಅಮ್ಮನ ಫೋನ್ ನೀವೇ ಇಸ್ಕೊಂಡು ಸೆಟ್ಟಿಂಗ್ ಮಾಡಿ ಕೊಡಿ.

ಊಟಕ್ಕೆ ಹೆದರ್ಬೇಡಿ. ಸಿಂಗಾಪುರದಿಂದ ಹೊರಡೋ ಹಡಗುಗಳಲ್ಲಿ ಭಾರತೀಯರೇ ತುಂಬಾ ಜನ, ವೆಜ್, ಜೈನ್ ಎರಡೂ ಸಿಗುತ್ತೆ, ಗೆಂಟಿಂಗ್ ಡ್ರೀಮ್‌ನಲ್ಲಂತೂ ಭಾರತೀಯ ವೆಜ್ ಊಟಕ್ಕೆ ಪ್ರತ್ಯೇಕ ವ್ಯವಸ್ಥೆನೇ ಇದೆ. ಬುಕಿಂಗ್‌ನಲ್ಲೇ ಬರೆಸಿ. ಆದ್ರೆ ಅದು ಉತ್ತರದ ಕಡೆ ಊಟ, ಪನೀರು, ದಾಲು, ನಾನ್ ರೊಟ್ಟಿ. ಎರಡನೇ ದಿನಕ್ಕೆ ಸಾರನ್ನ ನೆನಪಾಗುತ್ತೆ, ಚಟ್ನಿಪುಡಿ ಡಬ್ಬಿ ಬೆಲೆ ಗೊತ್ತಾಗೋದು ಅಲ್ಲೇ. ಮೊಸರು ಕೇಳುವಾಗ ಪ್ಲೇನ್ ಯೋಗರ್ಟ್ ಅಂತ ಕೇಳಿ, ಇಲ್ಲಾಂದ್ರೆ ಸ್ಟ್ರಾಬೆರಿ ಹಾಕಿದ್ದು ತಂದ್ಕೊಡ್ತಾರೆ, ಅದನ್ನ ಅನ್ನಕ್ಕೆ ಕಲಸಿ ನಮ್ಮಪ್ಪ ಮಾಡಿದ ಮುಖ ಇನ್ನೂ ಕಣ್ಣಲ್ಲಿದೆ.

ಬಂದರಲ್ಲಿ ಇಳಿಯೋದು. ಹಡಗಿನವ್ರ ಟೂರ್ ತಗೋಬೇಕಾ ನಾವೇ ಸುತ್ತಬೇಕಾ ಅನ್ನೋದು ಊರಿನ ಮೇಲೆ ನಿಂತಿದೆ. ಪೆನಾಂಗ್‌ನಲ್ಲಿ ಹಡಗು ಸ್ವೆಟ್ಟನ್‌ಹ್ಯಾಮ್ ಪಿಯರ್‌ಗೆ ಬರುತ್ತೆ, ಇಳಿದ್ರೆ ಜಾರ್ಜ್‌ಟೌನ್ ಊರೊಳಗೇ ಇಳಿದಂಗೆ, 2008ರಿಂದ ಯುನೆಸ್ಕೋ ಪಟ್ಟಿಯಲ್ಲಿರೋ ಊರು. ಕಾರ್ನ್‌ವಾಲಿಸ್ ಕೋಟೆ ಪಕ್ಕದಲ್ಲೇ, ಲಿಟಲ್ ಇಂಡಿಯಾ ನಡ್ಕೊಂಡು ಹೋಗೋ ದೂರ, ಮಾರಿಯಮ್ಮನ ಗುಡಿ ಇದೆ, ಬಾಳೆಎಲೆ ಊಟ ಸಿಗುತ್ತೆ. ಅಲ್ಲಿ ದುಡ್ಡು ಕೊಟ್ಟು ಟೂರ್ ತಗೊಂಡ್ರೆ ದಂಡ. ಪೋರ್ಟ್ ಕ್ಲಾಂಗ್ ಉಲ್ಟಾ. ಕೌಲಾಲಂಪುರ ಅಂತ ಬರೆದಿರ್ತಾರೆ, ಆದ್ರೆ ಬಂದರಿಂದ ಊರಿಗೆ ರಸ್ತೆಯಲ್ಲಿ ಗಂಟೆ ಒಂದೂವರೆ ಗಂಟೆ, ಟ್ರಾಫಿಕ್ ಬೇರೆ. ಬಟು ಕೇವ್ಸ್ ಮುರುಗನ್ ನೋಡ್ಬೇಕು ಅಂದ್ರೆ, 42.7 ಮೀಟರ್ ಎತ್ತರದ ವಿಗ್ರಹ, 272 ಮೆಟ್ಟಿಲು, ಅಲ್ಲಿ ಹಡಗಿನವ್ರ ಟೂರೇ ವಾಸಿ. ಯಾಕಂದ್ರೆ ಅವರ ಬಸ್ಸು ಲೇಟಾದ್ರೆ ಹಡಗು ಕಾಯುತ್ತೆ, ನಿಮ್ಮ ಟ್ಯಾಕ್ಸಿ ಲೇಟಾದ್ರೆ ಕಾಯಲ್ಲ. ಫುಕೆಟ್‌ನ ಪಾಟಾಂಗ್‌ನಲ್ಲಿ ಹಡಗು ದಡಕ್ಕೇ ಬರಲ್ಲ, ದೂರದಲ್ಲಿ ಲಂಗರು ಹಾಕಿ ಸಣ್ಣ ಬೋಟಲ್ಲಿ ಬಿಡ್ತಾರೆ, ಅದಕ್ಕೆ ಕ್ಯೂ ಇರುತ್ತೆ, ಮಂಡಿ ನೋವಿರೋವ್ರಿಗೆ ಹತ್ತಿ ಇಳಿಯೋದು ಸ್ವಲ್ಪ ಕಷ್ಟ.

ಥಾಯ್ಲೆಂಡ್ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಫೋನು ತಾನಾಗೇ ಟೈಮ್ ಬದಲಾಯಿಸ್ಕೊಳ್ಳುತ್ತೆ, ಹಡಗು ಬದಲಾಯಿಸ್ದೇ ಇರಬಹುದು. ನೀವು ಇನ್ನೂ ನಾಲ್ಕು ಗಂಟೆ ಅಂತ ಎಳನೀರು ಕುಡೀತಿರ್ತೀರ, ಹಡಗಲ್ಲಿ ಐದಾಗಿರುತ್ತೆ. ಒಬ್ರ ಕೈಗಾದ್ರೂ ಹಳೇ ಮುಳ್ಳಿನ ವಾಚ್ ಕಟ್ಟಿ ಹಡಗಿನ ಟೈಮಿಗೆ ಇಡಿ. ಹೊರಗಡೆ ಕಾರ್ಡ್ ಉಜ್ಜುವಾಗ ಮಷಿನ್ 'ರೂಪಾಯಿಯಲ್ಲಿ ಕಟ್ತೀರಾ' ಅಂತ ಕೇಳಿದ್ರೆ ಬೇಡ ಅನ್ನಿ, ಆ ದೇಶದ ದುಡ್ಡಲ್ಲೇ ಕಟ್ಟಿ, ರೂಪಾಯಿ ಅಂದ್ರೆ ಅವ್ರು ಹಾಕೋ ರೇಟು ಯಾವಾಗ್ಲೂ ನಮಗೆ ಲಾಸು.

ಪಾಸ್‌ಪೋರ್ಟೇ ಇಲ್ಲ, ಸುಮ್ನೆ ಹಡಗು ಹೆಂಗಿರುತ್ತೆ ನೋಡ್ಬೇಕು ಅನ್ನೋವ್ರಿಗೆ ಮುಂಬೈಯಿಂದ ಕಾರ್ಡೀಲಿಯಾ ಇದೆ, ಗೋವಾ, ಲಕ್ಷದ್ವೀಪ ಕಡೆ ಹೋಗುತ್ತೆ, ದೇಶದೊಳಗಿನ ಟ್ರಿಪ್‌ಗೆ ಆಧಾರ್ ಥರದ ಫೋಟೋ ಐಡಿ ಸಾಕು. ಮಂಗಳೂರವ್ರು ಇದನ್ನೆಲ್ಲ ಉಲ್ಟಾ ಕಡೆಯಿಂದ ನೋಡಿದವ್ರು, ಮಳೆಗಾಲ ಮುಗಿದ್ಮೇಲೆ ಪಣಂಬೂರಿಗೆ ವಿದೇಶಿ ಹಡಗು ಬಂದಾಗ ಆ ಜನ ಕಾರ್ಕಳ, ಮೂಡುಬಿದಿರೆ ಬಸದಿ, ಗೋಡಂಬಿ ಫ್ಯಾಕ್ಟರಿ ಅಂತ ಓಡಾಡಿ ಸಂಜೆಗೆ ಗಡಿಯಾರ ನೋಡ್ಕೊಂಡು ವಾಪಸ್ ಓಡೋದನ್ನ. ಪೆನಾಂಗ್‌ನಲ್ಲಿ ನಾವೂ ಅದೇ.

ವಾಪಸ್ ಬರೋವಾಗಿನ ಎರಡು ಮಾತು. ಸಿಂಗಾಪುರದಲ್ಲಿ ಅಲ್ಲಿನ 100 ಡಾಲರ್ ಮೇಲೆ ಶಾಪಿಂಗ್ ಮಾಡಿದ್ರೆ 9% ಜಿಎಸ್‌ಟಿ ವಾಪಸ್ ಕೇಳಬಹುದು, ಆದ್ರೆ ಹೋಗಿ ಬರೋ ರೌಂಡ್ ಟ್ರಿಪ್ ಕ್ರೂಸ್‌ಗೆ ಟರ್ಮಿನಲ್‌ನಲ್ಲಿ ಕೊಡಲ್ಲ, ಚಾಂಗಿಯಿಂದ ವಿಮಾನ ಹತ್ತೋವಾಗ್ಲೇ ಕೇಳ್ಬೇಕು. ಹಂಗಾಗಿ ಶಾಪಿಂಗ್ ಕ್ರೂಸ್ ಮುಗಿಸಿ ಮಾಡಿ, ಸೂಟ್‌ಕೇಸೂ ಹಗುರ ಇರುತ್ತೆ. ನಮ್ಮ ಕಸ್ಟಮ್ಸ್‌ನಲ್ಲಿ ತಲೆಗೆ 50,000 ರೂಪಾಯಿ ಇದ್ದ ವಿನಾಯ್ತಿನ 2026ರ ಫೆಬ್ರವರಿಯಿಂದ 75,000 ಮಾಡಿದ್ದಾರೆ, ಬಾಟ್ಲಿ ಮಾತ್ರ ಅದೇ 2 ಲೀಟರು.

ಕೊನೇದು. ಕಡೇ ರಾತ್ರಿ ಸೂಟ್‌ಕೇಸ್‌ಗೆ ಟ್ಯಾಗ್ ಕಟ್ಟಿ ಕ್ಯಾಬಿನ್ ಹೊರಗಿಡಿ ಅಂತಾರೆ, ರಾತ್ರಿನೇ ತಗೊಂಡು ಹೋಗ್ತಾರೆ, ಬೆಳಗ್ಗೆ ಟರ್ಮಿನಲ್‌ನಲ್ಲೇ ಸಿಗೋದು. ಬೆಳಗ್ಗೆ ಹಾಕ್ಕೊಳ್ಳೋ ಬಟ್ಟೆ ಆಚೆ ಇಟ್ಕೊಂಡಿದ್ದೀರಾ ಅಂತ ಮನೆಯಲ್ಲಿ ಎಲ್ರನ್ನೂ ಒಂದು ಸಲ ಕೇಳಿ. ನಮ್ಮಪ್ಪ ಬಲು ಶಿಸ್ತಿನ ಮನುಷ್ಯ, ಪ್ಯಾಂಟು ಶರ್ಟೆಲ್ಲ ನೀಟಾಗಿ ಮಡಚಿ ಪ್ಯಾಕ್ ಮಾಡಿ ಒಂಬತ್ತು ಗಂಟೆಗೇ ಹೊರಗಿಟ್ಟು ಮಲ್ಕೊಂಡ್ರು. ಬೆಳಗ್ಗೆ ಸಿಂಗಾಪುರದ ಇಮಿಗ್ರೇಷನ್ ಆಫೀಸರ್ ಮುಂದೆ ನಿಂತಿದ್ದು ಪಟ್ಟಾಪಟ್ಟಿ ಪೈಜಾಮದಲ್ಲಿ.